ಪರೀಕ್ಷೆಗೆ ಕುಳಿತ ಮನೆ

ಮನೆಯನ್ನು ಕಟ್ಟುವವನು ಶಾಸ್ತ್ರವನ್ನು ವಿಚಾರಿಸುತ್ತಾನೆ, ಕೊಳ್ಳುವವನು ಬೆಲೆಯನ್ನು ವಿಚಾರಿಸುತ್ತಾನೆ. ಆದರೆ ಅದರಲ್ಲಿಯೇ ಹುಟ್ಟಿ ಬೆಳೆದು ತಲೆ ನರೆತವನು ಏನನ್ನೂ ವಿಚಾರಿಸದೆ, ಮೇಲಿನ ತೊಲೆ ತಾತನ ಕಾಲದಿಂದ ಬಿದ್ದಿಲ್ಲವೆಂಬ ಏಕೈಕ ಪ್ರಮಾಣದ ಬಲದಿಂದ ಇನ್ನು ಮುಂದೆಯೂ ಬೀಳಲಾರದೆಂದು ನಿಶ್ಚಯಿಸಿಕೊಂಡು, ಅದರ ಕೆಳಗೇ ಹಾಸಿಗೆ ಬಿಡಿಸಿ ನಿಶ್ಚಿಂತೆಯಿಂದ ನಿದ್ರಿಸುತ್ತಾನೆ. ಈ ನಿದ್ರೆಗೆ ಭಂಗ ಬರುವುದು ಮನೆಯನ್ನು ಮಾರಹೊರಟ ದಿನ.

ಜಗಳೂರಿನ ನಮ್ಮ ಮಾಳಿಗೆಮನೆಯನ್ನು ಮಾರುವುದೆಂದು ನಿಷ್ಕರ್ಷೆಯಾದ ಕಾಲದಲ್ಲಿಯೇ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗನೂ ಅಲ್ಲಿಯ ತನ್ನ ಮನೆಯನ್ನು ಮಾರುತ್ತಿದ್ದ. ಅಲ್ಲಿಯ ಕಾನೂನಿನಂತೆ ಪ್ರತಿಯೊಂದು ಅಂತಸ್ತಿನಲ್ಲಿಯೂ ಹೊಗೆ ಕಂಡೊಡನೆ ಕೂಗುವ ಯಂತ್ರವಿರಬೇಕು. ಮಲಗುವ ಕೋಣೆಗಳ ಸಮೀಪದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಇನ್ನೊಂದು ಯಂತ್ರವಿರಬೇಕು. ಅಡುಗೆಮನೆಯಿಂದ 10 ಅಡಿಯೊಳಗೆ ಬೆಂಕಿ ನಂದಿಸುವ ಸಿಲಿಂಡರು ಗೋಡೆಗೆ ತೂಗಬೇಕು. ಇವೆಲ್ಲವೂ ಕ್ರಮವಾಗಿವೆಯೆಂಬ ಪ್ರಮಾಣಪತ್ರವಿಲ್ಲದೆ ಮನೆ ಕೈ ಬದಲಾಯಿಸುವಂತಿಲ್ಲ. “ದೊಡ್ಡಪ್ಪಾ, ನಮ್ಮೂರಿನ ಮನೆಗೆ ಇಂಥಾದ್ದೇನೂ ಬೇಡ್ವಾ?” ಎಂದು ಅವನು ಫೋನಿನಲ್ಲಿ ಕೇಳಿದ. ನಮ್ಮಲ್ಲಿ ಕಾನೂನು ಪರೀಕ್ಷಿಸುವುದು ಮನೆಯನ್ನಲ್ಲ, ಮನೆಯ ಕಾಗದವನ್ನು ಎಂದು ಅವನಿಗೆ ಸಮಾಧಾನ ಹೇಳಬೇಕಾಯಿತು.

ಕಾಗದದ ವಿಷಯದಲ್ಲಿ ನಮ್ಮ ಮನೆಯಷ್ಟು ದೇಶಸಂಚಾರ ಮಾಡಿದ ಮನೆ ವಿರಳ. ತಾತನ ಕ್ರಯಪತ್ರದಲ್ಲಿ ಅದು ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1973ರ ನವೆಂಬರ್ 1ರಂದು ಕರ್ನಾಟಕಕ್ಕೆ ಬಂದಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯನ್ನು ಸೇರಿತು. ಈಗ ಇ-ಖಾತೆಯ ಪ್ರಸಾದದಿಂದ ಗಣಕಯಂತ್ರವನ್ನೂ ಪ್ರವೇಶಿಸಿದೆ. ಇಷ್ಟೆಲ್ಲ ಪ್ರಯಾಣವನ್ನು ಅದು ಒಂದಂಗುಲವೂ ಕದಲದೆ ಸಾಧಿಸಿತೆಂಬುದು ಅದರ ಹಿರಿಮೆ. ಕದಲಿದ್ದು ಚಕ್ಕುಬಂದಿ ಮಾತ್ರ: ಪತ್ರದಲ್ಲಿ ಪೂರ್ವಕ್ಕಿರುವ ಹುಣಿಸೆಮರವನ್ನು ಕಂಡವರು ಇಂದು ಯಾರೂ ಉಳಿದಿಲ್ಲ.

ಆದರೆ ಕೊಳ್ಳುವವರು ಬ್ಯಾಂಕಿನ ಸಾಲವನ್ನು ನೆಚ್ಚಿದವರಾದ್ದರಿಂದ, ಬ್ಯಾಂಕಿನ ಪರವಾಗಿ ಇಂಜಿನಿಯರೊಬ್ಬರು ಬಂದು ಕಟ್ಟಡವನ್ನು ಪರಿಶೀಲಿಸಿ ವರದಿ ಕೊಡುವುದು ಅನಿವಾರ್ಯವಾಯಿತು. ಈ ವಾರ್ತೆ ತಲುಪಿದೊಡನೆ ನಮ್ಮ ಮನೆಯಲ್ಲಿ ಮದುವೆಗೂ ನಡೆಯದಂಥ ಸಿದ್ಧತೆ ಆರಂಭವಾಯಿತು. ವರುಷಗಳಿಂದ ನಮ್ಮ ತಲೆಯ ಮೇಲೆ ಸೋರುತ್ತಿದ್ದ ಮಾಳಿಗೆ, ಅಪರಿಚಿತನೊಬ್ಬನ ತಲೆಯ ಮೇಲೆ ಒಂದು ಹನಿಯನ್ನೂ ಉದುರಿಸಬಾರದೆಂದು ನನ್ನ ಹೆಂಡತಿ ಆಜ್ಞಾಪಿಸಿದಳು. ಗಾಡಿಯಲ್ಲಿ ಕರಲುಮಣ್ಣು ಬಂದಿತು. ಮುಂಗಾರಿಗೆ ಮುಂಚೆ ಅದನ್ನು ಮಾಳಿಗೆಯ ಮೇಲೆ ಹರಡಿದರೆ ನೀರು ಒಳಗಿಳಿಯದೆಂಬುದು ನಮ್ಮ ಬಯಲುಸೀಮೆಯ ಪುರಾತನ ವಿಜ್ಞಾನ. ಜಂತೆಗಳನ್ನು ಗೆದ್ದಲಿನಿಂದ ಬಿಡಿಸಿದ್ದಾಯಿತು. ಬೆಳಕಿಂಡಿಯ ಒಡೆದ ಗಾಜನ್ನು ಬದಲಾಯಿಸಲಾಗಿ, ಪಡಸಾಲೆಗೆ ಹಗಲಿನ ಬೆಳಕು ಬಂದು, ಅಲ್ಲಿಯ ಗೋಡೆಯ ಬಣ್ಣ ಹಸಿರೆಂಬುದು ಮೊಮ್ಮಕ್ಕಳಿಗೆ ತಿಳಿದುಬಂದಿತು.

ವಿದ್ಯುತ್ತಿನ ಪ್ರಕರಣ ಇದಕ್ಕಿಂತ ಗಹನವಾದದ್ದು. ಕರೆಸಿದ ವೈರ್‌ಮನ್ ಮೀಟರಿನ ಹಲಗೆಯ ಮುಂದೆ ನಿಂತು, ಹಳೆಯ ದೇಗುಲದ ಶಾಸನವನ್ನು ಓದುವವನಂತೆ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ, “ಮೇಷ್ಟ್ರೆ, ಇಷ್ಟು ವರ್ಷ ಈ ಮನೆಯಾಗೆ ಎಲ್ಲಾರೂ ಜೀವಂತ ಇದೀರಲ್ಲ, ದೇವ್ರು ಅದಾನೆ ಅನ್ನಾಕೆ ಇಷ್ಟು ಸಾಕು” ಎಂದ. ಪಿಂಗಾಣಿಯ ಫ್ಯೂಜಿನೊಳಗಿನ ಸಣ್ಣ ತಂತಿಯ ಧರ್ಮವೆಂದರೆ, ಮಿತಿಮೀರಿದ ವಿದ್ಯುತ್ತು ಹರಿದಾಗ ತಾನು ಕರಗಿ ಮನೆಯನ್ನು ಉಳಿಸುವುದು. ಅದು ಪದೇಪದೇ ಸಾಯುತ್ತದೆಂದು ಬೇಸತ್ತು, ನಮ್ಮ ಓಣಿಯ ಪೂರ್ವಿಕರೆಲ್ಲರೂ ಅದರ ಜಾಗದಲ್ಲಿ ದಪ್ಪನೆಯ ತಾಮ್ರದ ಎಳೆಗಳನ್ನು ಹೊಸೆದು ಕೂರಿಸಿ ಅದಕ್ಕೆ ಚಿರಂಜೀವಿತ್ವವನ್ನು ಅನುಗ್ರಹಿಸಿದ್ದರು. ತಂತಿ ಅಮರವಾದರೆ ಮನೆಯವರು ಮರ್ತ್ಯರಾಗುತ್ತಾರೆಂಬುದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ. ಹಳೆಯದೆಲ್ಲ ಇಳಿದು, 30 ಮಿಲಿಆಂಪಿಯರ್ ಸೋರಿದರೂ ಸಾಕು, ತತ್ಕ್ಷಣವೇ ಕಡಿದುಕೊಳ್ಳುವ ಸ್ವಿಚ್ಚೊಂದು ಗೋಡೆಯನ್ನೇರಿತು.

ಇನ್ನುಳಿದದ್ದು ಅರ್ಥಿಂಗ್ ಗುಂಡಿ. ನೆಲದಲ್ಲಿ ಹೂತ ಕಬ್ಬಿಣದ ಕೊಳವೆಯ ಸುತ್ತ ಇದ್ದಿಲನ್ನೂ ಉಪ್ಪನ್ನೂ ತುಂಬಿ ತೇವವಾಗಿ ಇಡಬೇಕು. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಸೇರಿಸಿಕೊಳ್ಳದು. ತುಂಗಭದ್ರೆಯ ನೀರನ್ನು ಏರಿಸಿ ತಂದು 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ತಾಲ್ಲೂಕಿನಲ್ಲಿ, ನೆಲಕ್ಕೆ ನೀರು ಕುಡಿಸುವುದೆಂದರೆ ಸಾಮಾನ್ಯ ತ್ಯಾಗವಲ್ಲ. “ರೀ, ತುಂಬಿಟ್ಟ ನೀರನ್ನ ಗುಂಡಿಗೆ ಸುರೀತಿದೀರಲ್ಲ!” ಎಂದು ಹೆಂಡತಿ ಆಕ್ಷೇಪಿಸಿದಳು. ಈ ಗುಂಡಿ ಬಾಯಾರಿದರೆ ಬಚ್ಚಲಿನ ಹೀಟರು ನಮ್ಮನ್ನು ಕುಡಿದೀತೆಂದು ವೈರ್‌ಮನ್ ವಿವರಿಸಿದ ಮೇಲೆ, ಎರಡನೆಯ ಕೊಡವನ್ನು ಅವಳೇ ತಂದು ಸುರಿದಳು. ಅಡುಗೆಮನೆಯ ಗ್ಯಾಸಿನ ಕಿತ್ತಳೆಬಣ್ಣದ ಕೊಳವೆಯನ್ನು ತಿರುಗಿಸಿ ನೋಡಲಾಗಿ, 5 ವರುಷಕ್ಕೊಮ್ಮೆ ಬದಲಾಗಬೇಕಾದ ಅದರ ಮೇಲಿನ ಇಸವಿ ಐತಿಹಾಸಿಕ ಮಹತ್ತ್ವವನ್ನು ಪಡೆದಿತ್ತು.

ಪೂರ್ವಿಕರಿಗೆ ಸುರಕ್ಷತೆಯ ಪರಿಜ್ಞಾನವೇ ಇರಲಿಲ್ಲವೆಂದರೆ ಅಪಚಾರವಾದೀತು. ನಮ್ಮ ಅಂಗಳದಲ್ಲಿ ಜೋಳ ತುಂಬುವ ಹಗೇವೊಂದಿತ್ತು. ಮುಚ್ಚಿಟ್ಟ ಕಾಳಿನ ಉಸಿರಿನಿಂದ ಅದರೊಳಗಿನ ಗಾಳಿ ಕೆಟ್ಟಿರುತ್ತದಾದ್ದರಿಂದ, ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಸಿ, ಅದು ನಂದದಿದ್ದರೆ ಮಾತ್ರ ಅಜ್ಜ ಆಳನ್ನು ಇಳಿಸುತ್ತಿದ್ದರು. ಕೂಗುವ ಯಂತ್ರವೂ ಇಲ್ಲದೆ, ಪ್ರಮಾಣಪತ್ರವೂ ಇಲ್ಲದೆ, ಒಂದು ಹಣತೆಯಿಂದ ಆ ಪರೀಕ್ಷೆ ಸಾಂಗವಾಗಿ ನೆರವೇರುತ್ತಿತ್ತು. ಕಣ್ಣಿಗೆ ಕಾಣುವ ಹಗೇವಿಗೆ ಹೆದರುವ ವಿವೇಕ ನಮಗೆ ಪರಂಪರೆಯಿಂದ ಬಂದಿದೆ. ಕಾಣದ ವಿದ್ಯುತ್ತಿಗೆ ಹೆದರುವ ವಿವೇಕ ಇನ್ನೂ ಬರಬೇಕಾಗಿದೆ.

ಇಂಜಿನಿಯರು ಬಂದರು. ಹೊಸ ಸ್ವಿಚ್ಚನ್ನು ನೋಡಲಿಲ್ಲ, ಮಾಳಿಗೆಯನ್ನು ಹತ್ತಲಿಲ್ಲ, ಗುಂಡಿಯ ತೇವವನ್ನು ಪ್ರಶಂಸಿಸಲಿಲ್ಲ. ನಿವೇಶನದ ಉದ್ದಗಲಗಳನ್ನು ಅಳೆದು, ಮುಂಬಾಗಿಲ ಚಿತ್ರ ತೆಗೆದು, ಚಹಾ ಕುಡಿದು, “ಮಣ್ಣಿನ ಮಾಳಿಗೆ ಅಲ್ವಾ ಸಾರ್, ಕಟ್ಟಡಕ್ಕೆ ನಮ್ಮ ಲೆಕ್ಕದಲ್ಲಿ ಬೆಲೆ ಹಾಕೋದಿಲ್ಲ, ಜಾಗಕ್ಕಷ್ಟೇ. ಹೆಂಗೂ ಇದನ್ನ ಕೆಡವಿ ಆರ್‌ಸಿಸಿ ಕಟ್ತಾರಂತಲ್ಲ” ಎಂದು ಹೊರಟುಹೋದರು. ಮನೆ ತನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ವಾಸಯೋಗ್ಯವಾದ ವಾರದಲ್ಲಿ ಅದರ ಮರಣಶಾಸನ ಬರೆಯಲ್ಪಟ್ಟಿತು. ಕೆಡವುವ ತನಕ ಆ ಮನೆಯಲ್ಲಿ ನಾವು ಕಳೆದ ದಿನಗಳಷ್ಟು ನಿರಪಾಯವಾದ ದಿನಗಳು ಅದಕ್ಕೆ ಹಿಂದೆಂದೂ ಲಭಿಸಿರಲಿಲ್ಲ.

ನ್ಯೂಜೆರ್ಸಿಯ ಕಾನೂನು ಜಗಳೂರಿಗೂ ಬರಲಿ ಎಂದು ನಾನು ಪ್ರಾರ್ಥಿಸಲಾರೆ. ಬಂದರೆ ನಮ್ಮ ಕಾಗದದ ಕಟ್ಟಿಗೆ ಇನ್ನೊಂದು ಕಾಗದ ಸೇರೀತು, ಅಷ್ಟೆ. ಓದುಗರಲ್ಲಿ ನನ್ನ ಬಿನ್ನಹ ಇದಕ್ಕಿಂತ ಅಲ್ಪವಾದದ್ದು: ನಿಮ್ಮ ಮನೆ ಮಾರಾಟಕ್ಕಿಲ್ಲದಿರುವಾಗಲೇ, ಬ್ಯಾಂಕಿನವರು ಬರುತ್ತಾರೆಂದು ಮನೆಮಂದಿಗೆ ಒಂದು ಸುಳ್ಳು ಸುದ್ದಿ ಹಬ್ಬಿಸಿ, ಫ್ಯೂಜನ್ನೂ ಗ್ಯಾಸಿನ ಕೊಳವೆಯ ಇಸವಿಯನ್ನೂ ಒಮ್ಮೆ ನೋಡಿಸಿರಿ, ಬೇಸಗೆ ಬಂದಾಗ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರನ್ನು ಹಾಕಿಸಿರಿ.