ಕಡಲತಡಿ ವಿಶ್ರಾಂತಿ ಮೀಮಾಂಸೆ

ಅಹಮದಾಬಾದ್, ವಡೋದರಾ, ಸೂರತ್ ಎಂಬ ಮೂರು ನಗರಗಳಲ್ಲಿ ಹಂಚಿಹೋಗಿರುವ ಒಂದು ಕನ್ನಡ ಕುಟುಂಬವು ದೀಪಾವಳಿ ರಜೆಯಲ್ಲಿ ಕಡಲತಡಿಯ ಯಾವುದಾದರೂ ಸದ್ದಿಲ್ಲದ ಹಳ್ಳಿಗೆ ಹೋಗಿ ಸುಮ್ಮನೆ ಬಿದ್ದುಕೊಂಡು ಬರಬೇಕೆಂದು ಸಂಕಲ್ಪ ಮಾಡಿದರೆ ಏನೇನಾಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಹಿಂದೆ ನಡೆದ ಚಿಂತನೆಗಳೆಲ್ಲ ಎಲೆ ಹಾಕುವ ಹೊತ್ತಿಗೆ ನಿಂತುಹೋಗಿವೆ. ಆಕರವಾಗಿ ಕುಟುಂಬದ ವಾಟ್ಸಾಪ್ ಗುಂಪು, ಅಹಮದಾಬಾದಿನ ಷಡ್ಡಕರ ಎಕ್ಸೆಲ್ ಹಾಳೆ ಮತ್ತು ಮಾವನವರ ಗೊಣಗಾಟವನ್ನು ಬಳಸಿಕೊಂಡಿದ್ದೇನೆ. ಮೂರನೆಯದು ಮೌಖಿಕ ಪರಂಪರೆಗೆ ಸೇರಿದ್ದರಿಂದ ಪಾಠಾಂತರಗಳು ಹೆಚ್ಚು.

ಮೊದಲು ಭೂಗೋಳ. ನಕಾಶೆಯಲ್ಲಿ ನೋಡಿದರೆ ಈ ಮೂರೂ ಊರುಗಳು ಖಂಭಾತ್ ಕೊಲ್ಲಿಗೆ ಹತ್ತಿರದಲ್ಲೇ ಇವೆ. ಭಾರತದ ರಾಜ್ಯಗಳಲ್ಲೇ ಅತಿ ಉದ್ದದ ಕರಾವಳಿ ಗುಜರಾತಿನದು. ಶಾಲೆಯ ಪುಸ್ತಕದ ಪ್ರಕಾರ 1600 ಕಿಲೋಮೀಟರ್. ಈಚೆಗೆ ಅಂಕುಡೊಂಕುಗಳನ್ನೆಲ್ಲ ಬಿಡದೆ ಅಳೆದ ಮೇಲೆ 2300ಕ್ಕೂ ಮಿಕ್ಕಿದೆ. ಹಳೆಯ ಅಳತೆಯಲ್ಲಿ ಕರ್ನಾಟಕಕ್ಕೆ ಬಂದ ಪಾಲು 320ರ ಸುಮಾರು. ಆದ್ದರಿಂದ ಗುಜರಾತಿನಲ್ಲಿ ಕಾಲಿಟ್ಟಲ್ಲೆಲ್ಲ ಕಡಲು ಸಿಗಲೇಬೇಕು ಎಂಬುದು ಪೂರ್ವಪಕ್ಷ. ಈ ವಾದ ಹೂಡುವವರು ಸಾಮಾನ್ಯವಾಗಿ ನಕಾಶೆಯನ್ನು ಫೋನಿನಲ್ಲಿ ನೋಡಿರುತ್ತಾರೆ. ಅಲ್ಲಿ ನೀರಿಗೂ ಕೆಸರಿಗೂ ಒಂದೇ ನೀಲಿ.

ಸಿದ್ಧಾಂತ ಬೇರೆ. ಖಂಭಾತ್ ಕೊಲ್ಲಿಯ ಬಾಯಿ ಅಗಲ, ಗಂಟಲು ಕಿರಿದು, ಆಳವೂ ಕಡಿಮೆ. ಅರಬ್ಬೀ ಸಮುದ್ರದಿಂದ ನುಗ್ಗಿ ಬಂದ ಉಬ್ಬರದ ನೀರು ಹರಡಿಕೊಳ್ಳಲು ಜಾಗವಿಲ್ಲದೆ ಮೇಲಕ್ಕೇರುತ್ತದೆ. ಭಾವನಗರದ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 10 ಮೀಟರ್ ದಾಟುವುದುಂಟು. ಮಂಗಳೂರಿನಲ್ಲಿ ಅದು 2 ಮೀಟರಿನೊಳಗೆ ಮುಗಿಯುವ ವ್ಯವಹಾರ. ಏರಿದ್ದು ಇಳಿಯಬೇಕಲ್ಲ, ದಡ ಸಪಾಟಾದ್ದರಿಂದ ಇಳಿಯುವ ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದು ಹೋಗುತ್ತದೆ. ಅಂದರೆ ಇಲ್ಲಿ ದಿನಕ್ಕೆರಡು ಸಲ ಕಡಲೇ ರಜೆಯ ಮೇಲೆ ತೆರಳುತ್ತದೆ. ನಾವು ರಜೆ ಹಾಕಿ ಬರುವುದು ಬಹುಮಟ್ಟಿಗೆ ಅದೇ ಹೊತ್ತಿಗೆ.

ಕುಂದಾಪುರ ಕಡೆಯ ನಮ್ಮ ಮಾವ ಈ ದೃಶ್ಯವನ್ನು ಮೊದಲ ಸಲ ಕಂಡಾಗ ಕಾರಿನಿಂದ ಇಳಿದು ಪಂಚೆ ಎತ್ತಿಕಟ್ಟಿ ಐದು ನಿಮಿಷ ನಿಂತರು. ಎದುರಿಗೆ ಆಕಾಶದ ಅಂಚಿನವರೆಗೂ ಹೊಳೆಯುವ ಬೂದು ಕೆಸರು.

“ಇದೆಂಥ ಸಮುದ್ರ ಮಾರಾಯ್ರೆ? ನೀರು ಎಲ್ಲಿಗೆ ಹೋಯ್ತು?”

“ಸಂಜೆ ಬರ್ತದೆ ಮಾವ.”

“ಬಂದ ಮೇಲೆ ಕರೀರಿ,” ಎಂದು ಕಾರಿನೊಳಗೆ ಹೋಗಿ ಮಲಗಿದರು. ನಮ್ಮ ಕುಟುಂಬದ ದಾಖಲೆಗಳಲ್ಲಿ ಕಡಲತಡಿಯಲ್ಲಿ ವಿಶ್ರಾಂತಿ ಪಡೆದ ನಿರ್ವಿವಾದ ನಿದರ್ಶನ ಇದೊಂದೇ.

ನೀರು ಯಾವಾಗ ಮನೆಯಲ್ಲಿರುತ್ತದೆ ಎಂದು ತಿಳಿಯಲು ಪಂಚಾಂಗ ಬೇಕು. ಕೊಂಕಣದ ಮೀನುಗಾರರಲ್ಲಿ ಒಂದು ಚೊಕ್ಕ ಲೆಕ್ಕವಿದೆ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ. ಏಕಾದಶಿಯಾದರೆ ಹನ್ನೊಂದರ ಮುಕ್ಕಾಲು, ಅಂದರೆ ಸುಮಾರು ಎಂಟೂಕಾಲು. ಕೊಲ್ಲಿಯ ಒಳಗೆ ನೀರು ತಲುಪಲು ಇನ್ನೂ ಕೆಲವು ಗಂಟೆ ಹೆಚ್ಚು ಹಿಡಿಯುವುದರಿಂದ ಇದಕ್ಕೆ ತಿದ್ದುಪಡಿ ಬೇಕು. ಷಡ್ಡಕರು ಇದನ್ನೆಲ್ಲ ಎಕ್ಸೆಲ್ಲಿಗೆ ಇಳಿಸಿ, ತಿಥಿಗೊಂದು ಖಾನೆ, ಉಬ್ಬರಕ್ಕೊಂದು ಖಾನೆ, ಅತ್ತೆಯ ಉಪವಾಸಕ್ಕೊಂದು ಖಾನೆ ಮಾಡಿದರು. ಮೂರನ್ನೂ ಕೂಡಿಸಿ ನೋಡಿದಾಗ ಹೊರಬಿದ್ದ ಫಲಿತಾಂಶ ಇಷ್ಟು: ಕಡಲಿದ್ದ ದಿನ ಅತ್ತೆ ಉಣ್ಣುವುದಿಲ್ಲ, ಅತ್ತೆ ಉಣ್ಣುವ ದಿನ ಕಡಲಿಲ್ಲ.

ಈ ಹೋಗುಬರುವಿಕೆಯನ್ನೇ ಬಂಡವಾಳ ಮಾಡಿಕೊಂಡ ಜಾಣ ಊರು ಒಂದಿದೆ. ವಡೋದರಾದ ನಮಗೆ ಸಮೀಪದ ಕಡಲು ಜಂಬೂಸರ್ ತಾಲೂಕಿನ ಕಾವಿ ಕಂಬೋಯಿ. ಅಲ್ಲಿಯ ಸ್ತಂಭೇಶ್ವರ ಮಹಾದೇವನ ಲಿಂಗವನ್ನು ಉಬ್ಬರದ ನೀರು ಮುಳುಗಿಸುತ್ತದೆ, ಇಳಿತದಲ್ಲಿ ಬಿಟ್ಟುಕೊಡುತ್ತದೆ. ಭಕ್ತರು ದಡದಲ್ಲಿ ಕೂತು ಗಡಿಯಾರ ನೋಡುತ್ತ ಕಾಯುತ್ತಾರೆ. ದೇವರಿಗೆ ದಿನಕ್ಕೆರಡು ಸಲ ಸಂಪೂರ್ಣ ಏಕಾಂತ, ಭಕ್ತರಿಗೆ ಪಾರ್ಕಿಂಗ್ ಚಿಂತೆ. ಇನ್ನು ಇದೇ ಕೊಲ್ಲಿಯ ಹಳೆಯ ಬಂದರು ಭರೂಚಿನ ಪ್ರಾಚೀನತೆಯನ್ನು ಹೇಳಲೇಬೇಕು. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿಯು ಈ ನೀರಿನ ಬಗ್ಗೆ ಪುಟಗಟ್ಟಲೆ ಎಚ್ಚರಿಕೆ ಕೊಟ್ಟಿದೆ: ಈಗ ಕಂಡ ನೀರು ಇನ್ನು ಸ್ವಲ್ಪ ಹೊತ್ತಿಗೆ ಇಲ್ಲ, ತಳವೇ ಕಾಣುತ್ತದೆ, ಹಡಗು ಮಗುಚುತ್ತದೆ. ಅದಕ್ಕೆಂದೇ ರಾಜನ ಕಡೆಯ ಅಂಬಿಗರು ಎದುರು ಹೋಗಿ ಹಡಗುಗಳನ್ನು ಕರೆತರುತ್ತಿದ್ದರಂತೆ. ಪ್ರವಾಸಿ ಸ್ಥಳದ ಬಗ್ಗೆ ಅಷ್ಟು ಪ್ರಾಮಾಣಿಕವಾದ ಬರಹವನ್ನು ನಾನು ಆಮೇಲೆ ಓದಿಲ್ಲ.

ಅಹಮದಾಬಾದಿನವರಿಗೆ ಸ್ವಂತದ ಬಂದರು ಇಲ್ಲ ಎಂಬ ಆಕ್ಷೇಪ ಬರಬಹುದು. ಇತ್ತು. ಅದನ್ನು ಹುಡುಕಿಕೊಟ್ಟವರು ನಮ್ಮವರೇ ಎಂಬುದನ್ನು ನೆರೆಹೊರೆಯವರ ಮುಂದೆ ತುಸು ಗಟ್ಟಿಯಾಗಿಯೇ ಹೇಳುತ್ತೇವೆ. ಶಿಕಾರಿಪುರ ರಂಗನಾಥ ರಾವ್ ಅವರು 1954ರಲ್ಲಿ ಲೋಥಲ್ ನೆಲೆಯನ್ನು ಗುರುತಿಸಿ, ಮರುವರ್ಷದಿಂದ ಅಗೆತಕ್ಕೆ ಇಳಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ, ಸುಟ್ಟ ಇಟ್ಟಿಗೆಯ, 200 ಮೀಟರಿಗೂ ಉದ್ದದ ಕಟ್ಟೆ ಸಿಕ್ಕಿತು. ಹಡಗು ನಿಲ್ಲುವ ಕಟ್ಟೆ ಎಂದರು ರಾಯರು. ಅಲ್ಲ, ಬರೀ ನೀರಿನ ಕೆರೆ ಎನ್ನುವ ವಿದ್ವಾಂಸರೂ ಉಂಟು. ಹೇಗೂ ಇರಲಿ, ಅಷ್ಟು ಕಷ್ಟಪಟ್ಟು ಅಗೆದು ನೋಡುವಷ್ಟರಲ್ಲಿ ಕಡಲು ಅಲ್ಲಿಂದ ಎಂದೋ ದೂರ ಹೋಗಿಬಿಟ್ಟಿತ್ತು. ಮೇಲಿನ ಸಿದ್ಧಾಂತಕ್ಕೆ ಇದು ಪುರಾತತ್ತ್ವದ ಬೆಂಬಲ. ಇನ್ನು ಇದೇ ಖಂಭಾತ್ ಕೊಲ್ಲಿಗೆ ಅಡ್ಡ ಅಣೆಕಟ್ಟು ಹಾಕಿ ಸಿಹಿನೀರು ನಿಲ್ಲಿಸುವ ಕಲ್ಪಸರ್ ಯೋಜನೆಯ ಮಾತು 1980ರ ದಶಕದಿಂದ ನಡೆದೇ ಇದೆ, ಅಣೆಕಟ್ಟು ಮಾತ್ರ ಎದ್ದಿಲ್ಲ. ನಮ್ಮ ವಾಟ್ಸಾಪ್ ಗುಂಪಿಗೆ ಧೈರ್ಯ ಕೊಡುವ ದೃಷ್ಟಾಂತ ಇದು.

ಹಾಗಾದರೆ ಅಹಮದಾಬಾದಿನಿಂದ ಹೊರಟು, ಕಡಲತಡಿಯ ಸದ್ದಿಲ್ಲದ ಹಳ್ಳಿಯೊಂದನ್ನು ಅಂದುಕೊಂಡಂತೆ ತಲುಪಿದವರು ಯಾರೂ ಇಲ್ಲವೆ? ಇದ್ದಾರೆ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮ ಬಿಟ್ಟು, ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 5ರಂದು ದಂಡಿ ಮುಟ್ಟಿದ ತಂಡ. ಅದರಲ್ಲಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿದ್ದರು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದವರು. ಅವರ ಹೆಸರು ಬಂದಲ್ಲಿ ಅಣಕು ನಿಲ್ಲುತ್ತದೆ. ಆದರೆ ಆ ಪ್ರಯಾಣದ ಏರ್ಪಾಟಿನಿಂದ ಕಲಿಯಬೇಕಾದ್ದು ಇದೆ. ಗುಜರಾತ್ ವಿದ್ಯಾಪೀಠದ ಹುಡುಗರ ‘ಅರುಣ ತುಕಡಿ’ ಒಂದು ಹೆಜ್ಜೆ ಮುಂದೆ ಹೋಗಿ ಹಳ್ಳಿಹಳ್ಳಿಯಲ್ಲಿ ವ್ಯವಸ್ಥೆ ನೋಡುತ್ತಿತ್ತು. ಸರಳವಾಗಿರಿ ಎಂದು ಎಷ್ಟು ಹೇಳಿದ್ದರೂ ಸೂರತ್ತಿನಿಂದ ಲಾರಿಯಲ್ಲಿ ಹಾಲು ಬಂತು, ರಾತ್ರಿ ನಡಿಗೆಗೆ ಕೂಲಿಯವರ ತಲೆಯ ಮೇಲೆ ಕಿಟ್ಸನ್ ದೀಪಗಳು ಬಂದವು. ಮಾರ್ಚ್ 29ರಂದು ಭಟಗಾಮಿನಲ್ಲಿ ಗಾಂಧೀಜಿ ಈ ದುಂದನ್ನು ಎತ್ತಿ ಎಲ್ಲರನ್ನೂ, ತಮ್ಮನ್ನೂ ಸೇರಿಸಿ, ತರಾಟೆಗೆ ತೆಗೆದುಕೊಂಡರು. ಅಂಥ ತಂಡದಲ್ಲೇ ಸಾಮಾನು ಹೆಚ್ಚಾಯಿತೆಂದ ಮೇಲೆ ನಮ್ಮ ಪಾಡೇನು?

ಹೀಗೆ ನಾವು ಪ್ರಬಂಧದ ತಿರುಳಿಗೆ, ಅಂದರೆ ಥೇಪ್ಲಾಕ್ಕೆ, ಬಂದೆವು. ಗೋಧಿಹಿಟ್ಟು, ಒಂದಿಷ್ಟು ಕಡಲೆಹಿಟ್ಟು, ಹೆಚ್ಚಿದ ಮೆಂತ್ಯಸೊಪ್ಪು, ಅರಿಶಿನ, ಖಾರ, ಎಣ್ಣೆ. ನೀರಿನ ಬದಲು ಮೊಸರಿನಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಕಡೆ ಎಣ್ಣೆ ಬಿಟ್ಟು ಬೇಯಿಸಿ, ಪೂರ್ತಿ ಆರಿದ ಮೇಲೆ ಒಂದರ ಮೇಲೊಂದು ಪೇರಿಸಿ ಸ್ಟೀಲ್ ಡಬ್ಬಿಗೆ ತುಂಬಿದರೆ ಎರಡು ಮೂರು ದಿನಕ್ಕೆ ಮೋಸವಿಲ್ಲ. ಜೊತೆಗೆ ಛುಂದೋ ಎಂಬ ಸಿಹಿ ಮಾವಿನ ಉಪ್ಪಿನಕಾಯಿ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎಂದು ಊಹಿಸಿದ ತಾರ್ಕಿಕರು ಗುಜರಾತಿನಲ್ಲಿ ಹುಟ್ಟಿದ್ದರೆ, ಎಲ್ಲೆಲ್ಲಿ ಥೇಪ್ಲಾವೋ ಅಲ್ಲಲ್ಲಿ ಪ್ರಯಾಣ ಎಂಬ ವ್ಯಾಪ್ತಿಯನ್ನೇ ಹೇಳುತ್ತಿದ್ದರು. ಇದಕ್ಕೆ ವ್ಯಭಿಚಾರ ದೋಷ ಬರುವುದು ಶ್ರಾವಣದ ಶೀತಳಾ ಸಾತಮ್ ದಿನ ಮಾತ್ರ. ಅಂದು ಒಲೆ ಹಚ್ಚುವಂತಿಲ್ಲವಾದ್ದರಿಂದ ಹಿಂದಿನ ದಿನವೇ ಥೇಪ್ಲಾ ಮಾಡಿಟ್ಟು ಮನೆಯಲ್ಲೇ ತಿನ್ನುತ್ತಾರೆ.

ನಮ್ಮ ವಡೋದರಾ ಸೊಸೈಟಿಯ ಎದುರುಮನೆಯ ಬೆನ್ ನಮ್ಮ ಯೋಜನೆಯ ಸುಳಿವು ಸಿಕ್ಕೊಡನೆ ತಲೆಗೆ ಎಂಟರಂತೆ ಲೆಕ್ಕ ಹಾಕಿ ಹೇಳಿದರು. ಹೆಂಡತಿ ಅದಕ್ಕೆ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಕೋಡುಬಳೆ ಸೇರಿಸಿದಳು. ಅಹಮದಾಬಾದಿನಿಂದ ಖಾಖ್ರಾ ಬರುತ್ತದೆಂದು ಘೋಷಣೆಯಾಯಿತು. ದಂಡಿಗೇ ಹೋಗೋಣ ಎಂದು ನಿಶ್ಚಯವಾಗಿದ್ದ ವಾರ ಅತ್ತೆ ಮಾಡಿದ ಸಾಮಾನು ಪಟ್ಟಿಯಲ್ಲಿ ಒಂದು ಕಿಲೋ ಉಪ್ಪು ಇತ್ತು. ಬೆನ್ ಕೇಳಿದ ಇನ್ನೊಂದು ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ: “ತ್ಯಾಂ ಜೋವಾನುಂ ಶುಂ ಛೇ?” ಅಲ್ಲಿ ನೋಡಲಿಕ್ಕೆ ಏನಿದೆ? ಏನೂ ಇಲ್ಲ, ಅದಕ್ಕೇ ಹೋಗುವುದು ಎಂದರೆ ಯಾರೂ ನಂಬುವುದಿಲ್ಲ. ಏನೂ ಇಲ್ಲದ ಕಡೆ ಮೂರು ದಿನ ಕಳೆಯಲು ಯಾವುದಕ್ಕೂ ಇರಲಿ ಎಂದು ಇಸ್ಪೀಟು, ಹೌಸಿ, ಬ್ಯಾಡ್ಮಿಂಟನ್ ಮತ್ತು ಬ್ಲೂಟೂತ್ ಸ್ಪೀಕರ್ ಪಟ್ಟಿಗೆ ಸೇರುತ್ತವೆ. ಇಷ್ಟು ಹೊತ್ತಿಗೆ ಸದ್ದಿಲ್ಲದ ಹಳ್ಳಿಗೆ ಒಯ್ಯಬೇಕಾದ ಸದ್ದೆಲ್ಲ ಗಂಟು ಕಟ್ಟಿಯಾಯಿತು.

ಸೂರತ್ತಿನ ಭಾವಮೈದನ ಪಂಥ ಪ್ರತ್ಯೇಕ. ಅವನು ಅಲ್ಪತೃಪ್ತ. “ಭಾವ, ಸುಮ್ನೆ ನಮ್ಮನೆಗೆ ಬನ್ನಿ. ಡುಮಸ್‌ಗೆ ಹೋಗಿ ಟೊಮೆಟೊ ಭಜಿಯಾ ತಿಂದ್ಕೊಂಡು ಬರೋಣ,” ಎನ್ನುತ್ತಾನೆ. ಟೊಮೆಟೊ ಬಿಲ್ಲೆಯ ಮೇಲೆ ಹಸಿರು ಚಟ್ನಿ ಬಳಿದು, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಆ ಭಜಿಯಾ ಬಾಯಿ ಸುಡದೆ ಬಿಡುವುದಿಲ್ಲ. ಅದನ್ನು ತಿನ್ನುವಾಗ ಯಾರೂ ಕಡಲಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಡುಮಸಿನ ಮರಳು ಕಪ್ಪು, ಜನಜಂಗುಳಿ, ಒಂಟೆ, ಕುದುರೆ. ಆದರೆ ಕತ್ತಲಾದ ಮೇಲೆ ಅಲ್ಲಿ ದೆವ್ವಗಳಿವೆ ಎಂಬ ಪ್ರತೀತಿಯಿದೆ. ನೆಮ್ಮದಿ ಬೇಕಾದವನಿಗೆ ಇಡೀ ದಕ್ಷಿಣ ಗುಜರಾತಿನ ಕರಾವಳಿಯಲ್ಲಿ ನಿಜವಾಗಿ ಸಹಾಯಕ್ಕೆ ನಿಂತವು ಆ ದೆವ್ವಗಳು ಮಾತ್ರ ಎಂಬುದು ಈ ಲೇಖಕನ ಅಭಿಮತ. ವಲಸಾಡಿನ ತೀಥಲ್, ನವಸಾರಿಯ ಉಭರಾಟ್‌ಗಳಿಗೆ ಇಂಥ ಸೌಲಭ್ಯವಿಲ್ಲ.

ದಮನ್ ಮತ್ತು ದೀವ್ ವಿಚಾರಕ್ಕೆ ಕುಟುಂಬದ ಗುಂಪಿನಲ್ಲಿ ಪುರುಷ ಸದಸ್ಯರು ತೋರುವ ಉತ್ಸಾಹ ಗಮನಾರ್ಹ. ಈ ಎರಡೂ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿದ್ದವು, ಈಗ ಕೇಂದ್ರಾಡಳಿತದಲ್ಲಿವೆ. ಗುಜರಾತ್ 1960ರಲ್ಲಿ ಹುಟ್ಟಿದ ದಿನದಿಂದ ಪಾನನಿಷೇಧದ ರಾಜ್ಯ. ವಾಪಿ ದಾಟಿ ದಮನ್ ಗಡಿ ಹೊಕ್ಕೊಡನೆ ಪೋರ್ಚುಗೀಸ್ ವಾಸ್ತುಶಿಲ್ಪದ ಬಗ್ಗೆ ಏಕಾಏಕಿ ಹುಟ್ಟುವ ಕುತೂಹಲಕ್ಕೆ ಬೇರೆ ಕಾರಣ ಹುಡುಕುವುದು ಅನವಶ್ಯಕ. ಇಲ್ಲಿಯ ದೇವ್ಕಾ ಕಡಲತೀರ ಕಲ್ಲುಬಂಡೆಯದು, ಇಳಿದು ಆಡುವಂತಿಲ್ಲ. ಈ ಕೊರತೆಯ ಬಗ್ಗೆ ದೂರು ಬಂದದ್ದು ಹೆಂಗಸರಿಂದ ಮಾತ್ರ.

ಇನ್ನು ಕಾಲನಿರ್ಣಯ. ಸೂರತ್ತಿನ ವಜ್ರದ ಕಾರ್ಖಾನೆಗಳಿಗೆ ದೀಪಾವಳಿಯಲ್ಲಿ ವಾರಗಟ್ಟಲೆ ರಜೆ; ಅಹಮದಾಬಾದಿನ ವ್ಯಾಪಾರಿಗಳು ಲಾಭ ಪಂಚಮಿಗೆ ಬಾಗಿಲು ತೆಗೆಯುತ್ತಾರೆ; ವಡೋದರಾದ ನನ್ನ ಕಚೇರಿಗೆ ಇಬ್ಬರೂ ಲೆಕ್ಕಕ್ಕಿಲ್ಲ. ಮೂರೂ ಕೂಡಿಬರುವ ನಾಲ್ಕು ದಿನಗಳಲ್ಲಿ ಇಡೀ ಗುಜರಾತು ಹೊರಗೆ ಬಿದ್ದಿರುತ್ತದೆ. ಆಗ ಯಾರೋ ಒಬ್ಬರು ಊರಿಗೇ ಹೋಗೋಣ ಎಂಬ ಬಾಂಬು ಹಾಕುತ್ತಾರೆ. ಓಖಾ–ಎರ್ನಾಕುಲಂ ರೈಲು ನಮ್ಮ ಮೂರೂ ಊರುಗಳನ್ನು ಹಾದು, ಕೊಂಕಣ ರೈಲುಹಾದಿಯಲ್ಲಿ ಉಡುಪಿ ಮುಟ್ಟುತ್ತದೆ; ಒಂದೇ ಬೋಗಿಯಲ್ಲಿ ಕುಟುಂಬ ಹಂತಹಂತವಾಗಿ ಭರ್ತಿಯಾಗಬಹುದು. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಆ ದಿನ ಬೆಳಿಗ್ಗೆ ಎಂಟಕ್ಕೆ ಫೋನು ಹಿಡಿದು ಕೂತ ಷಡ್ಡಕರು ಎಂಟೂ ಐದಕ್ಕೆ ವೇಟಿಂಗ್ ಲಿಸ್ಟಿನ ಸಂಖ್ಯೆ ಓದಿ ಹೇಳಿದರು. ಅದು ಪಿನ್‌ಕೋಡಿನಂತೆ ಕೇಳಿಸಿತು.

ಈ ಘಟ್ಟದಲ್ಲಿ ಮಾವನವರ ಸಾಕ್ಷ್ಯ ದಾಖಲಾಗಬೇಕು. ಹದಿನಾರನೆಯ ವಯಸ್ಸಿಗೆ ಊರು ಬಿಟ್ಟು ಅಹಮದಾಬಾದಿನ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಕಡಲ ಮಗ್ಗುಲಿನ ಮನೆ, ತೆಂಗಿನ ತೋಟ, ದೋಣಿ ಎಂದು ನಾವು ಆಸೆಯಿಂದ ಮಾತೆತ್ತಿದಾಗ ಅವರು ಅಹಮದಾಬಾದಿನ ಮಣಿನಗರದ ಮನೆಯ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದರು. ಕೆಳಗೆ ಆಟೋಗಳ ಹಾರ್ನು, ಎದುರಿಗೆ ಲಗ್ನದ ಬ್ಯಾಂಡು.

“ನಮ್ಮ ಮನೆ ಹಿಂದೆಯೇ ಸಮುದ್ರ. ಮಳೆಗಾಲದಲ್ಲಿ ರಾತ್ರಿಯಿಡೀ ಬೊಬ್ಬೆ, ಯಾವಾಗ ಒಳಗೆ ಬರ್ತದೋ ಅಂತ ಅಮ್ಮ ಎದ್ದು ಕೂತಿರೋರು. ಕಣ್ತುಂಬ ನಿದ್ದೆ ಅಂತ ಮಾಡಿದ್ದು ಇಲ್ಲಿಗೆ ಬಂದ ಮೇಲೆ ಮಾರಾಯ್ರೆ.”

ಯಾರೂ ಇದಕ್ಕೆ ಖಂಡನೆ ಮಂಡಿಸಲಿಲ್ಲ. ಅಂದು ರಾತ್ರಿ ಷಡ್ಡಕರು ಎಕ್ಸೆಲ್ ಹಾಳೆಯಲ್ಲಿ ದೀವ್, ದಂಡಿ, ತೀಥಲ್, ಉಡುಪಿಗಳ ಕೆಳಗೆ ‘ಮಣಿನಗರ’ ಎಂದು ಹೊಸ ಸಾಲು ಸೇರಿಸಿದರು. ಉಬ್ಬರದ ಖಾನೆಯಲ್ಲಿ ‘ಅನ್ವಯಿಸುವುದಿಲ್ಲ’ ಎಂದಿದೆ. ತಲೆವಾರು ಖರ್ಚು ಇನ್ನೂ ತುಂಬಿಲ್ಲ. ಹಾಗಿದ್ದರೆ ಥೇಪ್ಲಾ ಎಷ್ಟು ಮಾಡಲಿ ಎಂದು ಅತ್ತೆ ಕೇಳಿದ್ದಾರೆ.