ಶೈಲಿ ಹುಡುಕಲು ಹೊರಟವನು

ಕ್ಯಾಮೆರಾ ಕೊಂಡ ಹೊಸತರಲ್ಲಿ ನಾನು ತೆಗೆದ ಫೋಟೊಗಳಲ್ಲಿ ಎಲ್ಲರ ತಲೆಯೂ ನೆಟ್ಟಗೆ ಇರುತ್ತಿತ್ತು. ಆಮೇಲೆ ಯಾರೋ, ‘ನಿಮಗೊಂದು ಸ್ವಂತ ಶೈಲಿ ಬೇಕು’ ಅಂದರು. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮೊದಲು ಎಲ್ಲವನ್ನೂ ಓರೆಯಾಗಿ ತೆಗೆದೆ. ಲಾಲ್‌ಬಾಗಿನ ಗಾಜಿನ ಮನೆ ಕೆರೆಗೆ ಜಾರಿಬೀಳುವಂತೆ ಕಂಡಿತು. ಆಮೇಲೆ ಕಪ್ಪು-ಬಿಳುಪಿಗೆ ಇಳಿದೆ. ಅಕ್ಕನ ಮಗಳ ಮದುವೆ ಆಲ್ಬಂ ತೆರೆದ ಬೀಗರು, ‘ಪಾಪ, ಯಾರು ಹೋಗಿಬಿಟ್ಟರು?’ ಎಂದರು. ‘ರೀ, ಅರಿಸಿನ ಶಾಸ್ತ್ರದಲ್ಲಿ ಅರಿಸಿನವಾದರೂ ಹಳದಿ ಇರಲಿ’ ಎಂದಳು ಹೆಂಡತಿ.

ಸರಿ, ದೊಡ್ಡವರನ್ನು ನೋಡಿ ಕಲಿಯೋಣವೆಂದುಕೊಂಡೆ. ಫ್ರಾನ್ಸಿನ ಛಾಯಾಗ್ರಾಹಕ ಕಾರ್ತಿಯೆ-ಬ್ರೆಸೊನ್ ಬಹುಪಾಲು ಒಂದೇ 50 ಎಂಎಂ ಲೆನ್ಸಿನಲ್ಲಿ ಲೋಕವನ್ನೇ ಹಿಡಿದರು. ನನ್ನ ಚೀಲದಲ್ಲಿ ನಾಲ್ಕು ಲೆನ್ಸು, ತಲೆಯಲ್ಲಿ ಒಂದೂ ಚಿತ್ರವಿಲ್ಲ! ಮೂಡಿಗೆರೆಯ ತೇಜಸ್ವಿಯವರೋ, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದವರು. ನನ್ನ ಹಾಗೆ ಶೈಲಿಯ ಹಿಂದಲ್ಲ.

ಬೇಸತ್ತು, ಬೀದಿ ತುದಿಯ ಹೂವಿನಮ್ಮನ ಮುಂದೆ ದಿನಾ ಬೆಳಿಗ್ಗೆ ನಿಲ್ಲತೊಡಗಿದೆ. ಎಳೆಬಿಸಿಲಲ್ಲಿ ಮಲ್ಲಿಗೆಗೆ ನೂಲು ಸುತ್ತುವ ಬೆರಳು, ಮೊಳ ಅಳೆಯುವ ಕೈ, ಕೊಸರಿಗೊಂದು ಚೂರು ಹೆಚ್ಚು. ತಿಂಗಳಾದ ಮೇಲೆ ಫೋಟೊಗಳನ್ನು ಮೇಜಿನ ಮೇಲೆ ಹರಡಿದೆ. ‘ಎಲ್ಲದರಲ್ಲೂ ಬರೀ ಕೈಯೇ ಇದೆಯಲ್ಲ, ಮುಖ ಎಲ್ಲಿ?’ ಎಂದಳು ಹೆಂಡತಿ. ಹಳೆಯ ಪೆಟ್ಟಿಗೆ ತೆಗೆದು ನೋಡಿದರೆ ಅಲ್ಲೂ ಕೈಗಳೇ: ಅಜ್ಜಿಯದು, ಕ್ಷೌರಿಕನದು, ದೋಸೆ ಹುಯ್ಯುವ ಭಟ್ಟರದು.

ಆದ್ದರಿಂದ ಶೈಲಿ ಬೇಕಾದವರು ಹೊಸ ಲೆನ್ಸು ಕೊಳ್ಳುವ ಮೊದಲು ಹಳೆಯ ನೂರು ಫೋಟೊ ಹರಡಿಕೊಂಡು ಕೂರಿ. ಖರ್ಚಿಲ್ಲ, ಮರ್ಯಾದೆ ಮಾತ್ರ ಸ್ವಲ್ಪ ಹೋಗುತ್ತದೆ.