ಆಚೆ ಊರಿನ ಬೆಪ್ಪ

ಬೇಸ್‌ಬಾಲ್ ಅಭಿಮಾನಿ ಹಾಕುವ ಟ್ರೇಡ್ ಲೆಕ್ಕಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿರುತ್ತವೆ: ಆಚೆ ಊರಿನ ತಂಡ ನಡೆಸುವವನು ಶುದ್ಧ ಬೆಪ್ಪ. ನಮ್ಮಲ್ಲಿರುವ ಮಂಡಿ ಸವೆದ, ಮೂವತ್ತಮೂರು ದಾಟಿದ, ಸಂಬಳ ಮಾತ್ರ ಏರುತ್ತಲೇ ಇರುವ ಒಬ್ಬನನ್ನು ಅವನ ತಲೆಗೆ ಕಟ್ಟಬೇಕು. ಕೊಸರಿಗೆ ಮೈನರ್ ಲೀಗಿನಲ್ಲಿ ಒದ್ದಾಡುತ್ತಿರುವ ಇಬ್ಬರು ಹುಡುಗರನ್ನು ಸೇರಿಸಬೇಕು. ಅಷ್ಟಕ್ಕೇ ಅವನು ತನ್ನ ಮುತ್ತಿನಂಥ ಪಿಚರನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ಬಾಗಿಲ ತನಕ ಬಂದು ಬೀಳ್ಕೊಡುತ್ತಾನೆ.

ನಾನು ನ್ಯೂಯಾರ್ಕಿನ ಮೆಟ್ಸ್ ಅಭಿಮಾನಿ. ಈ ಬೆಪ್ಪನನ್ನು ನಮ್ಮವರು ತಂಡ ಹುಟ್ಟಿದ 1962ರಿಂದಲೂ ಹುಡುಕುತ್ತಿದ್ದಾರೆ. ಹಳೆಯ ದಾಖಲೆ ತೆಗೆದು ನೋಡಿದರೆ, ಉಳಿದ ಊರುಗಳವರೂ ಅವನನ್ನೇ ಹುಡುಕುತ್ತಿದ್ದರು, ಮತ್ತು ಅವರಿಗೆ ಅವನು ಸಾಮಾನ್ಯವಾಗಿ ಮೆಟ್ಸ್ ಇರುವ ನಮ್ಮ ಕ್ವೀನ್ಸಿನಲ್ಲೇ ಸಿಕ್ಕಿದ್ದಾನೆ.

ಈ ನಗರದಲ್ಲಿ ಎರಡು ತಂಡಗಳಿವೆ. 27 ಸಲ ವರ್ಲ್ಡ್ ಸೀರೀಸ್ ಗೆದ್ದ ಯಾಂಕೀಸ್ ಬ್ರಾಂಕ್ಸಿನದು. 1969ರಲ್ಲೊಮ್ಮೆ, 1986ರಲ್ಲೊಮ್ಮೆ ಗೆದ್ದು ಅಲ್ಲಿಗೇ ತೃಪ್ತಿಪಟ್ಟುಕೊಂಡ ಮೆಟ್ಸ್ ನಮ್ಮದು. ಹುಟ್ಟಿದ ವರ್ಷವೇ ನಮ್ಮವರು 120 ಪಂದ್ಯ ಸೋತರು. ಆಧುನಿಕ ಕಾಲದಲ್ಲಿ ಅಷ್ಟು ಸೋತವರು ಬೇರೆ ಯಾರೂ ಇರಲಿಲ್ಲ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ 121 ಸೋತು ಆ ಹೆಸರನ್ನೂ ಕಿತ್ತುಕೊಂಡಿತು. ಸೋಲುವುದರಲ್ಲಾದರೂ ಮೊದಲ ಸ್ಥಾನ ಇಟ್ಟುಕೊಳ್ಳೋಣವೆಂದರೆ ಬಿಡಲಿಲ್ಲ ನೋಡಿ. ಬೆಂಗಳೂರಿನಿಂದ ಬಂದವನಿಗೆ ಇಂಥ ತಂಡ ಒಗ್ಗಲು ಹೆಚ್ಚು ದಿನ ಬೇಕಾಗಲಿಲ್ಲ. ಪ್ರತಿ ಏಪ್ರಿಲಿನಲ್ಲಿ ‘ಈ ಸಲ ಕಪ್ ನಮ್ದೇ’ ಎಂದುಕೊಂಡು, ಮೇ ತಿಂಗಳಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತು ಪಳಗಿದ ಜೀವ ನಮ್ಮದು. ಆ ಆರ್‌ಸಿಬಿಯೂ ಹದಿನೆಂಟನೇ ಸೀಸನ್ನಿನಲ್ಲಿ, 2025ರಲ್ಲಿ, ಗೆದ್ದೇಬಿಟ್ಟಿತು. ಮೆಟ್ಸ್‌ಗೆ ಅಂಥ ಅವಸರವೇನೂ ಇಲ್ಲ.

ಐಪಿಎಲ್ ಹರಾಜು ನೋಡಿದವರಿಗೆ ಈ ಟ್ರೇಡ್ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಸುತ್ತಿಗೆ ಇಲ್ಲ, ಮೇಜಿನ ಸುತ್ತ ಕೂತ ಮಾಲೀಕರೂ ಇಲ್ಲ. ಸೀಸನ್ನಿನ ನಡುವೆ ಇಬ್ಬರು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಎದ್ದವನು ರಾತ್ರಿ ಸಿಯಾಟಲ್‌ನ ಆಟಗಾರನಾಗಿರುತ್ತಾನೆ. ಹೆಂಡತಿ, ಮಕ್ಕಳ ಸ್ಕೂಲು, ಬಾಡಿಗೆ ಮನೆ, ಎಲ್ಲ ಆಮೇಲಿನ ಮಾತು. ಇದನ್ನು ಮೊದಲ ಸಲ ಕೇಳಿದಾಗ ನನ್ನ ಹೆಂಡತಿ, “ರೀ, ಅವನನ್ನ ಒಂದು ಮಾತು ಕೇಳೋದೂ ಇಲ್ವಾ?” ಎಂದಳು. ಅವಳ ತಂದೆ ಸರ್ಕಾರಿ ಹೈಸ್ಕೂಲಿನ ಮೇಷ್ಟರಾಗಿದ್ದವರು. ಜೂನ್ ತಿಂಗಳ ವರ್ಗಾವಣೆ ಪಟ್ಟಿಗೆ ಹೆದರಿಕೊಂಡೇ ಬೆಳೆದ ಮನೆ. “ನಮ್ಮಪ್ಪನಿಗಾದ್ರೂ ಎಮ್ಮೆಲ್ಲೆ ಹಿಡಿಯೋ ದಾರಿ ಇತ್ತು” ಎಂದು ಆಕೆ ಇಡೀ ಲೀಗಿನ ಆಟಗಾರರಿಗಾಗಿ ಮರುಗಿದಳು.

ವರ್ಗಾವಣೆ ಒಲ್ಲೆ ಎಂದು ಕೋರ್ಟಿಗೆ ಹೋದವರೂ ಇದ್ದಾರೆ. ಸೇಂಟ್ ಲೂಯಿಸ್‌ನ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಫಿಲಡೆಲ್ಫಿಯಾಗೆ ಕೊಟ್ಟಾಗ, ತಾನು ಕೊಂಡು ಮಾರುವ ವಸ್ತುವಲ್ಲ ಎಂದು ಹಟ ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋದ. 1972ರಲ್ಲಿ ಸೋತ. ಆಟದ ಬದುಕನ್ನೂ ಅದರಲ್ಲೇ ಕಳೆದುಕೊಂಡ. ಆಮೇಲೆ ಬಂದ ನಿಯಮದ ಪ್ರಕಾರ ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಟ್ರೇಡ್ ಬೇಡವೆನ್ನಬಹುದು. ಉಳಿದವರಲ್ಲಿ ಹೆಚ್ಚಿನವರು ಪೆಟ್ಟಿಗೆ ಕಟ್ಟಬೇಕು.

ನನಗೆ ಈ ಪುರಾಣವನ್ನೆಲ್ಲ ಹೇಳಿಕೊಟ್ಟವರು ಫ್ಲಶಿಂಗಿನ ಗಣಪತಿ ದೇವಸ್ಥಾನದಲ್ಲಿ ಪರಿಚಯವಾದ ರಾಯರು. ಬೌನ್ ಸ್ಟ್ರೀಟಿನ ಈ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನ್ ದೋಸೆಗೆ ಹೆಸರುವಾಸಿ. ಮೆಟ್ಸ್ ಮೈದಾನಕ್ಕೂ ಅಲ್ಲಿಗೂ ತೀರ ದೂರವೇನಿಲ್ಲ. ಮೈದಾನ ದಾಟಿದರೆ 7 ನಂಬರಿನ ರೈಲಿಗೆ ಫ್ಲಶಿಂಗೇ ಕಡೆಯ ಸ್ಟಾಪು. ರಾಯರು ಮೈಸೂರಿನ ಕಡೆಯವರು, ಎಪ್ಪತ್ತರ ದಶಕದಲ್ಲಿ ಬಂದವರು. ಅವರ ಕಾಲಗಣನೆ ಬೇರೆ. ದೇವಸ್ಥಾನದ ಕುಂಭಾಭಿಷೇಕ ಆದದ್ದು 1977ರ ಜುಲೈ 4ಕ್ಕೆ. ಮೆಟ್ಸ್‌ನ ಸರ್ವಸ್ವವೇ ಆಗಿದ್ದ ಪಿಚರ್ ಟಾಮ್ ಸೀವರ್‌ನನ್ನು ಸಂಬಳದ ಜಗಳದಲ್ಲಿ ಸಿನ್ಸಿನಾಟಿಗೆ ಸಾಗಹಾಕಿದ್ದು ಅದೇ ವರ್ಷ ಜೂನ್ 15ಕ್ಕೆ. ರಾಯರು ಇವತ್ತಿಗೂ ಹೇಳುತ್ತಾರೆ: “ನಮ್ಮ ಗಣಪ ಒಂದು ಮೂರು ವಾರ ಮುಂಚೆ ಬಂದಿದ್ರೆ ಸೀವರ್ ಹೋಗ್ತಿರ್ಲಿಲ್ಲ ಕಣ್ರೀ.”

ಸೀವರ್ ಕಥೆ ಅಲ್ಲಿಗೇ ಮುಗಿದಿದ್ದರೆ ಒಂದು ಮಾತು. 1983ರ ಸೀಸನ್ನಿಗೆ ಅವನನ್ನು ಮತ್ತೆ ಕರೆತಂದರು. ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷದ ಜನವರಿಯಲ್ಲಿ, ಬೇರೆ ತಂಡದವರು ಮುಟ್ಟಬಾರದ ಆಟಗಾರರ ಪಟ್ಟಿ ಬರೆಯುವಾಗ, ಈ ಮುದುಕನನ್ನು ಯಾರು ಕೇಳುತ್ತಾರೆಂದು ಅವನ ಹೆಸರು ಬಿಟ್ಟರು. ಶಿಕಾಗೋ ವೈಟ್ ಸಾಕ್ಸ್ ಕೇಳಿತು. ಒಬ್ಬನೇ ಮಹಾನುಭಾವನನ್ನು ಎರಡೆರಡು ಸಲ ಕಳೆದುಕೊಂಡದ್ದಾಯಿತು. ಅವನು ತನ್ನ 300ನೇ ಗೆಲುವು ಪಡೆದದ್ದು ಇದೇ ನ್ಯೂಯಾರ್ಕಿನಲ್ಲಿ, 1985ರ ಆಗಸ್ಟಿನಲ್ಲಿ, ಯಾಂಕೀಸ್ ಮೈದಾನದಲ್ಲಿ, ಶಿಕಾಗೋದ ಅಂಗಿ ತೊಟ್ಟು. ರಾಯರು ಈ ಭಾಗ ಹೇಳುವಾಗ ದೋಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

ತಂಡಕ್ಕೆ ಏನು ಬೇಕು ಎಂಬ ಪ್ರಶ್ನೆಗೆ ಮೆಟ್ಸ್ ಅಭಿಮಾನಿಯ ಪಾರಂಪರಿಕ ಉತ್ತರ: ಥರ್ಡ್ ಬೇಸಿಗೊಬ್ಬ ಬೇಕು. ಗೃಹಪ್ರವೇಶವಾದ ದಿನದಿಂದ ಸೋರುತ್ತಿದ್ದ ಮೂಲೆ ಅದು. ಅದನ್ನು ಮುಚ್ಚಲು 1969ರ ಡಿಸೆಂಬರಿನಲ್ಲಿ ಏಮಸ್ ಓಟಿಸ್ ಎಂಬ ಹುಡುಗನನ್ನು ಕಾನ್ಸಾಸ್ ಸಿಟಿಗೆ ಕೊಟ್ಟು ಜೋ ಫಾಯ್‌ನನ್ನು ತಂದರು. ಫಾಯ್ ಒಂದೇ ವರ್ಷ ಇದ್ದು ಹೋದ. ಓಟಿಸ್ ಐದು ಸಲ ಆಲ್-ಸ್ಟಾರ್ ಆದ. ಬುದ್ಧಿ ಬಂತೇ? 1971ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಏಂಜಲ್ಸ್‌ನಿಂದ ಜಿಮ್ ಫ್ರಗೋಸಿಯನ್ನು ತಂದರು. ಅವನು ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವವನು. ಅಂಥವನನ್ನು ತಂದು ಥರ್ಡ್ ಬೇಸಿನಲ್ಲಿ ನಿಲ್ಲಿಸಿದರು. ಸೀಸನ್ ಶುರುವಾಗುವ ಮುಂಚೆಯೇ ಹೆಬ್ಬೆರಳು ಮುರಿದುಕೊಂಡ ಅವನನ್ನು ಮರುವರ್ಷ ಟೆಕ್ಸಸ್‌ಗೆ ಮಾರಿ ಕೈತೊಳೆದುಕೊಂಡರು. ಇವನಿಗೆ ಬದಲಾಗಿ ಕೊಟ್ಟ ನಾಲ್ವರಲ್ಲಿ ಒಬ್ಬ, ವೇಗ ಬಹಳ ಆದರೆ ಚೆಂಡು ಎತ್ತ ಹೋಗುತ್ತದೋ ಅವನಿಗೇ ಗೊತ್ತಿಲ್ಲ ಎಂದು ದೂರಿಸಿಕೊಂಡಿದ್ದ ತರುಣ ಪಿಚರ್. ಹೆಸರು ನೋಲನ್ ರಯಾನ್. ಅವನು ಆಮೇಲೆ 1993ರವರೆಗೂ, ನಲವತ್ತಾರು ತುಂಬಿದ ಮೇಲೂ, ಚೆಂಡು ಎಸೆಯುತ್ತಲೇ ಇದ್ದ. 5,714 ಸ್ಟ್ರೈಕ್‌ಔಟ್ ಮಾಡಿದ. ಆ ಸಂಖ್ಯೆಯ ಹತ್ತಿರ ಇಂದಿಗೂ ಯಾರೂ ಸುಳಿದಿಲ್ಲ.

ಕೊನೆಗೆ ಆ ಮೂಲೆ ಸರಿಹೋದದ್ದು ಹೇಗೆ ಅಂತೀರಿ? ಯಾವ ಟ್ರೇಡಿನಿಂದಲೂ ಅಲ್ಲ. ಮೈಕ್ ಹ್ಯಾಂಪ್ಟನ್ ಎಂಬ ಪಿಚರ್ ನಮ್ಮನ್ನು ಬಿಟ್ಟು ಹೆಚ್ಚಿನ ದುಡ್ಡಿಗೆ ಕೊಲರಾಡೋಗೆ ಹೋದ. ಊರೆಲ್ಲ ಅವನನ್ನು ಬೈದು ಬಾಯಾರಿಸಿಕೊಂಡಿತು. ಅವನು ಹೋದದ್ದಕ್ಕೆ ಪರಿಹಾರವೆಂದು 2001ರಲ್ಲಿ ಒಬ್ಬ ಹುಡುಗನನ್ನು ಹೆಚ್ಚುವರಿಯಾಗಿ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಸಿಕ್ಕವನು ಡೇವಿಡ್ ರೈಟ್. 2004ರಿಂದ ಬೆನ್ನು ಕೈಕೊಡುವವರೆಗೂ ಥರ್ಡ್ ಬೇಸನ್ನು ಮನೆಯ ಜಗಲಿಯಂತೆ ಕಾಯ್ದ. ನಮ್ಮ ತಂಡ ಕಣ್ಣು ಬಿಟ್ಟುಕೊಂಡು ಮಾಡಿದ ಕೆಲಸಕ್ಕಿಂತ ಸುಮ್ಮನೆ ಕೂತಾಗ ಆದ ಕೆಲಸವೇ ಮೇಲು ಎಂಬ ನನ್ನ ಸಿದ್ಧಾಂತಕ್ಕೆ ಇದೇ ಸಾಕ್ಷಿ.

ಚಿಲ್ಲರೆ ವಿಶೇಷಗಳಿಗೂ ಕೊರತೆಯಿಲ್ಲ. ಟ್ರೇಡಿನಲ್ಲಿ ‘ಹೆಸರು ಆಮೇಲೆ ಹೇಳುವ ಆಟಗಾರ’ ಎಂದೊಂದು ಪದ್ಧತಿಯಿದೆ. ಈಗ ನಿಮ್ಮವನನ್ನು ಕೊಡಿ, ಬದಲಿಗೆ ಯಾರೆಂದು ನಿಧಾನವಾಗಿ ನೋಡೋಣ ಅಂತ. 1962ರ ಏಪ್ರಿಲಿನಲ್ಲಿ ಹೀಗೆ ಕ್ಲೀವ್‌ಲ್ಯಾಂಡಿನಿಂದ ಹ್ಯಾರಿ ಚಿಟಿ ಎಂಬ ಕ್ಯಾಚರನ್ನು ತಂದರು. ಹದಿನೈದು ಪಂದ್ಯ ಆಡಿಸಿ ನೋಡಿದರು. ಜೂನಿನಲ್ಲಿ ಬದಲಿ ಆಟಗಾರನ ಹೆಸರು ಹೇಳಿದರು: ಹ್ಯಾರಿ ಚಿಟಿ. ತನಗೆ ತಾನೇ ಬದಲಿಯಾಗಿ ಹೋದವನು. ನನ್ನ ಲೆಕ್ಕದಲ್ಲಿ ಮೆಟ್ಸ್ ನಷ್ಟವಿಲ್ಲದೆ ಮುಗಿಸಿದ ಮೊಟ್ಟಮೊದಲ ವ್ಯವಹಾರ ಅದು. ಇನ್ನು ಜೋಯಲ್ ಯಂಗ್‌ಬ್ಲಡ್. 1982ರ ಆಗಸ್ಟ್ 4ರ ಮಧ್ಯಾಹ್ನ ಶಿಕಾಗೋದಲ್ಲಿ ಮೆಟ್ಸ್ ಪರ ಒಂದು ಹಿಟ್ ಹೊಡೆದ. ಆಟದ ಮಧ್ಯದಲ್ಲೇ ಅವನನ್ನು ಮಾಂಟ್ರಿಯಲ್‌ಗೆ ಕೊಟ್ಟರು. ವಿಮಾನ ಹತ್ತಿ ಫಿಲಡೆಲ್ಫಿಯಾ ತಲುಪಿ ಅದೇ ರಾತ್ರಿ ಮಾಂಟ್ರಿಯಲ್ ಪರ ಇನ್ನೊಂದು ಹಿಟ್ ಹೊಡೆದ. ಒಂದೇ ದಿನ, ಎರಡು ಊರು, ಎರಡು ತಂಡ. ವರ್ಗಾವಣೆಯಾದರೆ ಹದಿನೈದು ದಿನ ರಜೆ ಹಾಕುವ ನಮ್ಮವರು ಅವನ ಫೋಟೋ ಇಟ್ಟುಕೊಳ್ಳಬೇಕು.

ಬೆಪ್ಪ ನಿಜಕ್ಕೂ ಆಚೆ ಊರಿನಲ್ಲಿ ಸಿಕ್ಕಿದ್ದೂ ಉಂಟು, ಅನ್ಯಾಯವಾಗಿ ಮಾತಾಡಬಾರದು. 1983ರ ಜೂನ್ 15ಕ್ಕೆ ಸೇಂಟ್ ಲೂಯಿಸ್ ಕೀತ್ ಹರ್ನಾಂಡೆಸ್‌ನನ್ನು ಇಬ್ಬರು ಸಾಧಾರಣ ಪಿಚರುಗಳಿಗೆ ಕೊಟ್ಟುಬಿಟ್ಟಿತು. 1986ರಲ್ಲಿ ನಾವು ಗೆದ್ದದ್ದರಲ್ಲಿ ಅವನ ಪಾಲು ದೊಡ್ಡದು. ಈ ಒಂದು ಟ್ರೇಡ್ ಮಾಡಿದ ಕೇಡು ಅಷ್ಟಿಷ್ಟಲ್ಲ. ಇನ್ನೊಮ್ಮೆ ಹಾಗೇ ಆದೀತೆಂಬ ಆಸೆಯಲ್ಲಿ ಮೂರು ತಲೆಮಾರು ಹಾಳಾಗಿದೆ.

ನನ್ನನ್ನು ಮೆಟ್ಸ್‌ಗೆ ಪೂರ್ತಿ ಕಟ್ಟಿಹಾಕಿದ್ದು ಮಾತ್ರ ಆಗದೇ ಹೋದ ಒಂದು ಟ್ರೇಡ್. 2015ರ ಜುಲೈ 29ರ ರಾತ್ರಿ. ವಿಲ್ಮರ್ ಫ್ಲೋರೆಸ್, ಇಪ್ಪತ್ಮೂರರ ಹುಡುಗ, ವೆನಿಜುವೆಲಾದವನು, ಹದಿನಾರರಿಂದಲೇ ಈ ತಂಡದ ಅನ್ನ ತಿಂದವನು. ಮಿಲ್ವಾಕಿಗೆ ಅವನನ್ನು ಕೊಟ್ಟಾಯಿತೆಂದು ಎಲ್ಲರ ಫೋನಿಗೂ ಸುದ್ದಿ ಬಂತು, ಅವನೊಬ್ಬನಿಗೆ ಬಿಟ್ಟು. ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ಹೊಡೆದಾಗಲೇ ಅವನಿಗೆ ವಿಷಯ ತಿಳಿದದ್ದು. ಆಟ ನಿಲ್ಲಿಸುವಂತಿಲ್ಲ. ಮೈದಾನದಲ್ಲಿ ನಿಂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ ಆಡಿದ. ಅಷ್ಟು ದಿನ “ಈ ಫ್ಲೋರೆಸ್‌ನ ಯಾರಿಗಾದ್ರೂ ದಾಟಿಸಿ” ಎಂದು ನಾನು ಟೀವಿಗೆ ಹೇಳುತ್ತಿದ್ದವನು. ಹೆಂಡತಿ ನನ್ನ ಮುಖವನ್ನೇ ನೋಡಿದಳು. “ಪಾಪ, ಮಗು ಅಳ್ತಾ ಇದೆ, ನೋಡಿ ನೀವು ಮಾಡಿದ್ದು” ಎಂದಳು, ಮಿಲ್ವಾಕಿಗೆ ಫೋನ್ ಮಾಡಿದವನು ನಾನೇ ಎನ್ನುವ ಹಾಗೆ. ಆ ಟ್ರೇಡ್ ಮುರಿದುಬಿತ್ತು. ಎರಡು ದಿನ ಬಿಟ್ಟು, ವಾಷಿಂಗ್ಟನ್ ಎದುರು ಹನ್ನೆರಡನೇ ಇನ್ನಿಂಗ್ಸಿನಲ್ಲಿ, ಅದೇ ಹುಡುಗ ಹೋಂ ರನ್ ಹೊಡೆದು ಗೆಲ್ಲಿಸಿ, ಎದೆ ಮೇಲಿನ ಮೆಟ್ಸ್ ಹೆಸರನ್ನು ಹಿಡಿದು ಎಳೆದು ತೋರಿಸಿದ. ಅವತ್ತೇ ಡೆಟ್ರಾಯಿಟಿನಿಂದ ಯೋಎನಿಸ್ ಸೆಸ್ಪೆಡೆಸ್ ಎಂಬ ಭಾರಿ ಹೊಡೆತಗಾರ ಬಂದ. ತಂಡ ವರ್ಲ್ಡ್ ಸೀರೀಸ್ ತನಕ ಹೋಗಿ, ಪದ್ಧತಿಯಂತೆ ಸೋತಿತು.

ದುಡ್ಡಿಲ್ಲದೆ ಹೀಗಾಗುತ್ತಿದೆ ಎನ್ನುವಂತೆಯೂ ಇಲ್ಲ. ಮಾಲೀಕ ಸ್ಟೀವ್ ಕೋಹೆನ್‌ರ ಕೈ ಧಾರಾಳ. ಹ್ವಾನ್ ಸೋಟೋಗೆ 15 ವರ್ಷಕ್ಕೆ 765 ಮಿಲಿಯನ್ ಡಾಲರ್ ಒಪ್ಪಿ, ಯಾಂಕೀಸ್ ಕೈಯಿಂದಲೇ ಕಸಿದು ತಂದರು. 2025ರ ಜೂನಿನಲ್ಲಿ ಇಡೀ ಲೀಗಿಗೇ ಮೇಲಿದ್ದ ತಂಡ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಪ್ಲೇಆಫ್ ಕೂಡ ತಲುಪದೆ ಹೋಯಿತು. ಆಮೇಲೆ ಗುಡಿಸಿದರು. ನಗುನಗುತ್ತಾ ಓಡುತ್ತಿದ್ದ ಬ್ರ್ಯಾಂಡನ್ ನಿಮ್ಮೋ ಟೆಕ್ಸಸ್‌ಗೆ ಹೋದ. ತಂಡದ ಚರಿತ್ರೆಯಲ್ಲೇ ಅತಿ ಹೆಚ್ಚು ಹೋಂ ರನ್ ಹೊಡೆದ ಪೀಟ್ ಅಲೋನ್ಸೋ ಬಾಲ್ಟಿಮೋರಿಗೆ, ಪಂದ್ಯದ ಕೊನೆಯಲ್ಲಿ ಬಂದು ಗೆಲುವು ಕಾಯುವ ಪಿಚರ್ ಎಡ್ವಿನ್ ಡೀಯಾಸ್ ಲಾಸ್ ಏಂಜಲಿಸ್‌ಗೆ. ಆ ಚಳಿಗಾಲವೆಲ್ಲ ರಾಯರು ನನಗೆ ಫೋನ್ ಮಾಡಿ ಹಲೋ ಎನ್ನುವ ಬದಲು “ಇನ್ನೊಬ್ಬ ಹೋದ” ಎನ್ನುತ್ತಿದ್ದರು.

ಹೋಗದೇ ಉಳಿದವನು ಒಬ್ಬನೇ: ಬಾಬಿ ಬೊನೀಯಾ. ಅವನು ಆಡುವುದನ್ನು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿದೆ, ಸಂಬಳ ಮಾತ್ರ ಬಿಟ್ಟಿಲ್ಲ. 2000ದಲ್ಲಿ ಅವನನ್ನು ಕೈಬಿಡುವಾಗ 5.9 ಮಿಲಿಯನ್ ಡಾಲರ್ ಕೊಡಬೇಕಿತ್ತು. ಈಗಲೇ ಬೇಡ, ನೂರಕ್ಕೆ ಎಂಟರ ಬಡ್ಡಿ ಸೇರಿಸಿ ನಿಧಾನವಾಗಿ ಕೊಡಿ ಎಂದ ಪುಣ್ಯಾತ್ಮ. 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ 11,93,248 ಡಾಲರ್, ಮೇಲೆ 20 ಸೆಂಟ್. ನಮ್ಮ ರೂಪಾಯಿಯಲ್ಲಿ ಹತ್ತು ಕೋಟಿಯ ಮಾತು. ಕೊನೆಯ ಕಂತು ಬರುವಾಗ ಅವನಿಗೆ ಎಪ್ಪತ್ತೆರಡು. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿಗೆ ಬೇಸ್‌ಬಾಲಿನ ಮೇಲೆ ಮೊದಲ ಸಲ ಗೌರವ ಬಂತು. ಜುಲೈ 1 ನಮ್ಮ ಮನೆಯಲ್ಲಿ ಸಣ್ಣ ಹಬ್ಬ. ಪಾಯಸ ಮಾಡಿ, “ನೋಡಿ, ಗಂಡಸು ಅಂದ್ರೆ ಹೀಗೆ ಎಫ್‌ಡಿ ಇಡಬೇಕು” ಎನ್ನುತ್ತಾಳೆ.

ಸದ್ಯ ರಾಯರ ಕಣ್ಣು ಪಿಟ್ಸ್‌ಬರ್ಗಿನ ಪಾಲ್ ಸ್ಕೀನ್ಸ್ ಮೇಲಿದೆ. ಇವತ್ತಿನ ಪಿಚರುಗಳಲ್ಲಿ ಅವನನ್ನು ಮೀರಿಸುವವನು ಸಿಗುವುದು ಕಷ್ಟ. ಅವನನ್ನು ಮಾರುವ ಯೋಚನೆ ಪಿಟ್ಸ್‌ಬರ್ಗಿಗೆ ಇದೆಯೇ ಎಂಬುದು ರಾಯರಿಗೆ ಮುಖ್ಯವಲ್ಲ. ಮೊನ್ನೆ ಕ್ಯಾಂಟೀನಿನಲ್ಲಿ ಪೇಪರ್ ನ್ಯಾಪ್ಕಿನ್ನಿನ ಮೇಲೆ ಪಟ್ಟಿ ಬರೆದು ನನ್ನ ಕಡೆ ತಳ್ಳಿದರು. ನಮ್ಮ ಕಡೆಯಿಂದ ನಾಲ್ವರು ಹುಡುಗರು, ಅದರಲ್ಲಿ ಇಬ್ಬರಿಗೆ ಭುಜದ ಆಪರೇಶನ್ ಆಗಿದೆ.

“ಇಷ್ಟಕ್ಕೆ ಅವರು ಒಪ್ಪೋದುಂಟೇ ರಾಯರೇ?”

“ಯಾಕೆ ಒಪ್ಪಲ್ಲ? ಪೆನ್ ಹಿಲ್ಸ್ ವೆಂಕಟರಮಣನಿಗೆ ಮುಡಿಪು ಕಟ್ಟಿದೀನಿ. ಅವನು ಇರೋದೇ ಪಿಟ್ಸ್‌ಬರ್ಗಲ್ಲಿ. ಒಳಗಿನವರ ಶಿಫಾರಸು ಅಂದ್ರೆ ತೂಕ ಬೇರೆ.”

“ಅಲ್ಲಿನ ಭಕ್ತರು ಸ್ಕೀನ್ಸ್ ಹೋಗದೇ ಇರಲಿ ಅಂತ ಕಟ್ಟಿರಲ್ವೇ?”

ರಾಯರು ಇದನ್ನು ಯೋಚಿಸಿರಲಿಲ್ಲ. ಸಾಂಬಾರಿನಲ್ಲಿ ವಡೆ ಅದ್ದಿ, ಅದು ನೆನೆಯುವಷ್ಟು ಹೊತ್ತು ನ್ಯಾಪ್ಕಿನ್ ನೋಡಿ, ಜೇಬಿನಿಂದ ಪೆನ್ನು ತೆಗೆದು ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದರು.

“ಹಂಗಾದ್ರೆ ಬೊನೀಯಾನೂ ಇಟ್ಕೊಳ್ಳಲಿ. ನಮ್ಮಲ್ಲಿಗೆ ಬರೋಕೆ ಮುಂಚೆ ಅವನು ಪಿಟ್ಸ್‌ಬರ್ಗ್ ಹುಡುಗನೇ ಅಲ್ವಾ? 2035ರ ತನಕ ಅವರೇ ನೋಡ್ಕೊಳ್ಳಲಿ.”